‘ಊಟ ಛಲೋ ಇತ್ತು’: ಸಾಕುಪ್ರಾಣಿ ಸಮ್ಮೇಳನದ ಅಭಿಪ್ರಾಯ ಚೀಟಿ ಓದುವ ಬಗೆ

(ನಗರದ ಸಾಕುಪ್ರಾಣಿಗಳ ಕುರಿತ ಸಮ್ಮೇಳನಕ್ಕೆ ತಯಾರಿ ನಡೆಸುತ್ತಿರುವ ಪಶುವೈದ್ಯರು, ಪಾಲಿಕೆ ಸಿಬ್ಬಂದಿ ಮತ್ತು ಪ್ರಾಣಿ ಕಲ್ಯಾಣ ಕಾರ್ಯಕರ್ತರ ಮುಂದೆ ಬೆಳಗಾವಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಮ್ಮೇಳನ ಮುಗಿದ ಮರುದಿನ ಸಂಘಟಕರ ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಹಾಳಿ ಬಿದ್ದಿರುತ್ತದೆ. ಬಿಚ್ಚಿ ನೋಡಿದರೆ ಒಳಗೆ ಇರುವುದು ಇಷ್ಟು: ‘ಊಟ ಛಲೋ ಇತ್ತು’, ‘ಮೈಕ್ ಸರಿ ಕೇಳಸ್ಲಿಲ್ಲ’, ‘ಉತ್ತಮ ಕಾರ್ಯಕ್ರಮ, ಹೀಗೇ ಮುಂದುವರಿಯಲಿ’, ‘ಸರ್ಟಿಫಿಕೇಟ್‌ನಾಗ ಹೆಸರು ತಪ್ಪೈತಿ’. ಉಳಿದದ್ದೆಲ್ಲ ಐದಕ್ಕೆ ಐದು. ಕಟ್ಟು ಕಪಾಟಿಗೆ ಹೋಗುತ್ತದೆ, ಮುಂದಿನ ವರ್ಷ ಅದೇ ಫಾರ್ಮಿನ ತಾರೀಖು ಬದಲಾಗಿ ಮತ್ತೆ ಝೆರಾಕ್ಸ್ ಆಗುತ್ತದೆ.

ಪಶುವೈದ್ಯರಿಗೆ ಥರ್ಮಾಮೀಟರ್ ಇಡುವುದು ಹೇಗೆಂದು ಹೇಳಿಕೊಡಬೇಕಿಲ್ಲ. ತುದಿ ಗುದದ ಗೋಡೆಗೆ ತಾಗದೆ ಸಗಣಿಯೊಳಗೆ ಚುಚ್ಚಿಕೊಂಡರೆ ಜ್ವರ ಇರುವ ಎಮ್ಮೆಗೂ ಕಡಿಮೆ ತಾಪ ತೋರಿಸುತ್ತದೆ. ಉಪಕರಣ ಕೆಟ್ಟಿಲ್ಲ, ಇಟ್ಟ ಜಾಗ ತಪ್ಪು. ನಮ್ಮ ಅಭಿಪ್ರಾಯ ಚೀಟಿಯ ಕಥೆಯೂ ಅದೇ. ಬಂದವರಿಗೆ ಹಿಡಿಸಿತೇ ಎಂದು ಕೇಳುತ್ತೇವೆ. ಕೇಳಬೇಕಾದದ್ದು, ಸೋಮವಾರ ಬೆಳಿಗ್ಗೆ ತಮ್ಮ ದವಾಖಾನೆಗೋ ವಾರ್ಡಿಗೋ ಹೋಗಿ ಏನನ್ನು ಬೇರೆ ರೀತಿ ಮಾಡುತ್ತೀರಿ ಎಂದು. ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ.

ಮೊದಲು ಸಭಾಂಗಣದಲ್ಲಿ ಯಾರಿರುತ್ತಾರೆ ಎಂಬುದನ್ನು ನೋಡಿ. ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು, ಖಾಸಗಿ ಕ್ಲಿನಿಕ್ ನಡೆಸುವವರು, ಪಾಲಿಕೆಯ ಆರೋಗ್ಯ ನಿರೀಕ್ಷಕರು, ಪೆಟ್ ಶಾಪ್ ಮತ್ತು ಗ್ರೂಮಿಂಗ್‌ನವರು, ಬೀದಿನಾಯಿಗೆ ಅನ್ನ ಹಾಕುವವರು, ಆ ಅನ್ನ ಹಾಕುವುದು ಬೇಡವೆನ್ನುವ ಅಪಾರ್ಟ್‌ಮೆಂಟ್ ಸಂಘದವರು. ಇಷ್ಟೂ ಜನರ ಅಂಕ ಕೂಡಿಸಿ ಭಾಗಿಸಿದರೆ ಬರುವ ಸರಾಸರಿಗೆ ಅರ್ಥವೇ ಇಲ್ಲ. ಒಂದು ಲೆಕ್ಕ ಹಾಕೋಣ. 30 ಚೀಟಿ ಬಂದಿವೆ. 20 ಜನ ಐದು ಕೊಟ್ಟಿದ್ದಾರೆ, 10 ಜನ ಒಂದು ಕೊಟ್ಟಿದ್ದಾರೆ. ಸರಾಸರಿ 3.67. ವರದಿಯಲ್ಲಿ ‘ಸಾಧಾರಣಕ್ಕಿಂತ ಮೇಲು’ ಎಂದು ಬರೆಯುತ್ತೀರಿ. ಆದರೆ ಸಾಧಾರಣ ಎಂದವರು ಒಬ್ಬರೂ ಇಲ್ಲ! ಆ ಹತ್ತು ಜನರೂ ಪಾಲಿಕೆಯವರೇ ಆಗಿದ್ದರೆ ಉಪನ್ಯಾಸ ಅವರ ಕೆಲಸಕ್ಕೆ ಬರಲಿಲ್ಲ ಎಂದರ್ಥ, ಮತ್ತು ಅದು ಸರಾಸರಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಚೀಟಿಯ ತಲೆಯಲ್ಲಿ ಹೆಸರಿನ ಬದಲು ಕೆಲಸದ ಕಾಲಂ ಇರಲಿ, ಐದಾರು ಚೌಕ ಸಾಕು. ಅದರ ಪಕ್ಕ ತಾಲ್ಲೂಕು. ಅಂಕಗಳನ್ನು ಸರಾಸರಿ ಮಾಡದೆ, ಯಾವ ಕೆಲಸದವರು ಎಷ್ಟು ಜನ ಯಾವ ಅಂಕ ಕೊಟ್ಟರು ಎಂದು ಹಾಗೇ ಎಣಿಸಿ ಬರೆಯಿರಿ.

ಹೆಸರು ಏಕೆ ಬೇಡ? ಮಾತಾಡಿದವರು ಉಪನಿರ್ದೇಶಕರು, ಚೀಟಿ ತುಂಬುವವರು ಅವರ ಕೈಕೆಳಗಿನ ಪಶುವೈದ್ಯಾಧಿಕಾರಿ. ಹೆಸರು ಬರೆದ ಮೇಲೆ ಮೂರು ಕೊಡುವ ಧೈರ್ಯ ಯಾರಿಗಿದೆ? ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು: ಫಾರ್ಮ್ ಕೊಟ್ಟರೆ ಸರ್ಟಿಫಿಕೇಟ್. ಸಂಜೆ ಐದಕ್ಕೆ ಕೌಂಟರ್ ಮುಂದೆ ಸಾಲು, ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಹಾಳಿ ಇಟ್ಟು ಟಿಕ್ ಹಾಕುತ್ತಿರುತ್ತಾರೆ. ಕಣ್ಣು ಬಸ್ಸಿನ ಟೈಮಿನ ಮೇಲೆ, ಪೆನ್ನು ಬಲಗಡೆಯ ಕೊನೆ ಕಾಲಂ ಮೇಲೆ ಮೇಲಿಂದ ಕೆಳಗೆ ಒಂದೇ ಗೆರೆ. ನೂರಕ್ಕೆ ನೂರು ಫಾರ್ಮ್ ಬರುತ್ತವೆ ನಿಜ, ಓದಲು ಏನೂ ಇರುವುದಿಲ್ಲ. ಸರ್ಟಿಫಿಕೇಟನ್ನು ಹಾಜರಿ ಪುಸ್ತಕಕ್ಕೆ ಕಟ್ಟಿ, ಚೀಟಿಯನ್ನು ಬಿಡುಗಡೆ ಮಾಡಿ. ಬರುವ ಚೀಟಿ ಕಡಿಮೆಯಾಗುತ್ತವೆ, ಬಂದವು ಮಾತಾಡುತ್ತವೆ.

ಬಸ್ಸಿನ ಟೈಮ್ ಎಂದೆ. ಅದು ತಮಾಷೆಗೆ ಹೇಳಿದ್ದಲ್ಲ. ವಿಜಯಪುರ ಇಲ್ಲಿಂದ ಸುಮಾರು 200 ಕಿಲೋಮೀಟರ್. ರಾತ್ರಿ ಊಟದ ಹೊತ್ತಿಗೆ ಮನೆ ಮುಟ್ಟಬೇಕೆಂದರೆ ಮಧ್ಯಾಹ್ನ ಮೂರಕ್ಕೇ ಎದ್ದು ಹೋಗಬೇಕು. ಬಾಗಲಕೋಟೆಯವರು ಚಹಾ ಕುಡಿದು ಎದ್ದಾರು. ಕೊನೆಗೆ ಫಾರ್ಮ್ ಹಂಚುವ ಸಮ್ಮೇಳನದಲ್ಲಿ ಇಲ್ಲೇ ಬೆಳಗಾವಿ ಊರೊಳಗಿನ ಟಿಳಕವಾಡಿಯವರ, ಶಹಾಪುರದವರ ಅಭಿಪ್ರಾಯ ಮಾತ್ರ ಸಿಗುತ್ತದೆ. ಅದಕ್ಕೆ ನೀವು ಇಡೀ ವಿಭಾಗದ ಅಭಿಪ್ರಾಯ ಎಂದು ಹೆಸರಿಡುತ್ತೀರಿ. ಇದಕ್ಕೆ ಮದ್ದು ಗೋಷ್ಠಿಗೊಂದು ಚೀಟಿ. ಎ4 ಹಾಳಿಯನ್ನು ಅಡ್ಡಕ್ಕೆ ಕತ್ತರಿಸಿದ ಅರ್ಧ ಹಾಳಿ, ಗೋಷ್ಠಿಗೊಂದು ಬಣ್ಣ. ಬೆಳಿಗ್ಗೆ ಚೀಲ ಕೊಡುವಾಗಲೇ ಎಲ್ಲವನ್ನೂ ಪಿನ್ ಹೊಡೆದು ಕೊಟ್ಟುಬಿಡಿ, ಜೊತೆಗೆ ಒಂದು ಮೋಟು ಪೆನ್ಸಿಲ್. ಗೋಷ್ಠಿ ಮುಗಿದ ಕೂಡಲೇ, ಮುಂದಿನ ಭಾಷಣಕಾರರ ಪರಿಚಯಕ್ಕೂ ಮೊದಲು, ಎರಡು ನಿಮಿಷ ಮೌನ. ನಿರೂಪಕರಿಗೆ ಇದು ಕಷ್ಟ. ನಮ್ಮ ಸಭೆಗಳಲ್ಲಿ ಮೌನ ಎಂದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ, ತಕ್ಷಣ ಮೈಕ್ ಹಿಡಿದು ಒಂದು ಚುಟುಕ ಹೇಳುತ್ತಾರೆ. ಹೇಳಬಾರದು. ಬಾಗಿಲ ಬಳಿ ರಟ್ಟಿನ ಡಬ್ಬಿ ಇರಲಿ. ಅದರ ಹತ್ತಿರ ಸಂಘಟಕರು ನಿಲ್ಲಬಾರದು.

ಕ್ಯೂಆರ್ ಕೋಡ್ ಇದೆಯಲ್ಲ ಎನ್ನುತ್ತೀರಿ. ಇರಲಿ, ಆದರೆ ಅದನ್ನು ಪರದೆಯ ಮೇಲೆ ಇಪ್ಪತ್ತು ಸೆಕೆಂಡು ತೋರಿಸಿ ತೆಗೆದರೆ ಹಿಂದಿನ ಸಾಲಿನವರ ಮೊಬೈಲಿಗೆ ಸಿಗುವುದಿಲ್ಲ. ಮುಂದಿನ ಕುರ್ಚಿಯ ಬೆನ್ನಿಗೆ ಅಂಟಿಸಿ. ಸಭಾಂಗಣದ ಒಳಗೆ ನೆಟ್‌ವರ್ಕ್ ಇದೆಯೇ ಎಂದು ಹಿಂದಿನ ದಿನ ಎರಡು ಕಂಪನಿಯ ಸಿಮ್ ಹಿಡಿದು ನೋಡಿ. ಲಾಗಿನ್ ಕೇಳುವ ಫಾರ್ಮ್ ಆದರೆ ಅರ್ಧ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಹಾಳಿ ಮತ್ತು ಮೊಬೈಲ್ ಎರಡೂ ಇಟ್ಟರೆ ಒಬ್ಬರೇ ಎರಡು ಕಡೆ ತುಂಬದಂತೆ ಚೀಟಿಗೊಂದು ಸಂಖ್ಯೆ ಮುದ್ರಿಸಿ, ಅದೇ ಸಂಖ್ಯೆಯನ್ನು ಮೊಬೈಲಿನಲ್ಲೂ ಕೇಳಿ. ಆ ಸಂಖ್ಯೆಯ ಎದುರು ಯಾರ ಹೆಸರನ್ನೂ ಬರೆದಿಡಬಾರದು ಅಷ್ಟೇ.

ಬೆಳಗಾವಿಯಲ್ಲಿ ಭಾಷೆಯ ಪ್ರಶ್ನೆ ಬಾರದೆ ಇರುವುದಿಲ್ಲ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಚೀಟಿ ಇರಬೇಕು. ತೊಡಕಿರುವುದು ಅನುವಾದದಲ್ಲಲ್ಲ, ಅಳತೆಯ ಪದಗಳಲ್ಲಿ. ‘ಅಡ್ಡಿಯಿಲ್ಲ’ ಎಂದು ನಮ್ಮ ಕಡೆ ಒಬ್ಬರು ಬರೆದರೆ ಅದು ಮೆಚ್ಚುಗೆ. ಮೈಸೂರು ಕಡೆಯಿಂದ ಬಂದವರ ‘ಪರವಾಗಿಲ್ಲ’ ಮೆಚ್ಚುಗೆಯೂ ಆಗಬಹುದು, ಮುಖ ತಿರುವಿದ್ದೂ ಆಗಬಹುದು. ಮರಾಠಿಯ ‘ಠೀಕ್ ಆಹೆ’ ಹೇಳುವ ಧಾಟಿಯ ಮೇಲೆ ನಿಂತಿದೆ, ಹಾಳಿಯ ಮೇಲೆ ಧಾಟಿ ಮೂಡುವುದಿಲ್ಲ. ಈ ವಿಶೇಷಣಗಳ ಜಗಳವೇ ಬೇಡ. ವಿಶೇಷಣದ ಬದಲು ಕ್ರಿಯೆ ಕೇಳಿ: ‘ಇದನ್ನು ನಾಳೆಯಿಂದ ಮಾಡುತ್ತೇನೆ’, ‘ಮಾಡಬೇಕೆಂದಿದೆ, ಆದರೆ ನನ್ನ ಹತ್ತಿರ ಸಾಮಾನು ಇಲ್ಲ’, ‘ಇದು ನನಗೆ ಮೊದಲೇ ಗೊತ್ತಿತ್ತು’, ‘ಇದು ನನ್ನ ಕೆಲಸಕ್ಕೆ ಸಂಬಂಧಿಸಿದ್ದಲ್ಲ’. ನಾಲ್ಕು ವಾಕ್ಯ, ಒಂದಕ್ಕೆ ಗುರುತು. ಮೂರು ಭಾಷೆಯಲ್ಲೂ ಇವು ಒಂದೇ ಅರ್ಥ ಕೊಡುತ್ತವೆ. ಎರಡನೆಯ ವಾಕ್ಯಕ್ಕೆ ಎಷ್ಟು ಗುರುತು ಬಿದ್ದವು ಎಂಬುದನ್ನು ಇಲಾಖೆಗೆ ಬರೆಯುವ ಪತ್ರಕ್ಕೆ ನೇರ ಎತ್ತಿಕೊಳ್ಳಬಹುದು.

ಈಗ ಒಂದು ಗೋಷ್ಠಿಯನ್ನು ಹತ್ತಿರದಿಂದ ನೋಡೋಣ. ರೇಬಿಸ್ ತೆಗೆದುಕೊಳ್ಳೋಣ, ನಗರದ ಸಾಕುಪ್ರಾಣಿ ಎಂದ ಮೇಲೆ ಅದನ್ನು ಬಿಟ್ಟು ಸಮ್ಮೇಳನವಿಲ್ಲ. ಭಾಷಣಕಾರರು ಚೆನ್ನಾಗಿ ಮಾತಾಡಿದರು, ಚಪ್ಪಾಳೆ ಬಿತ್ತು, ಐದಕ್ಕೆ ಐದು. ಕೇಳಿದವರಿಗೆ ವಿಷಯ ಹತ್ತಿತೇ? ತಿಳಿಯಲು ಅರ್ಧ ಹಾಳಿಯನ್ನು ನಡುವೆ ಮಡಿಸಿ. ಎಡಭಾಗದಲ್ಲೂ ಬಲಭಾಗದಲ್ಲೂ ಒಂದೇ ಪ್ರಶ್ನೆ. ಎಡಗಡೆಯದನ್ನು ಭಾಷಣಕ್ಕೆ ಮೊದಲು ಉತ್ತರಿಸಿ ಮಡಿಸಬೇಕು, ಬಲಗಡೆಯದನ್ನು ಮುಗಿದ ಮೇಲೆ. ಪ್ರಶ್ನೆ ಹೀಗಿರಲಿ: ‘ಮೂರು ತಿಂಗಳ ಸಾಕು ನಾಯಿಮರಿ ಆಟವಾಡುತ್ತ ಆರು ವರ್ಷದ ಹುಡುಗಿಯ ಮೊಣಕೈ ಪರಚಿದೆ. ರಕ್ತ ಬಂದಿಲ್ಲ. ಮರಿಗೆ ಲಸಿಕೆ ಆಗಿಲ್ಲ. ಈಗ ಏನು ಮಾಡಬೇಕು?’ ಉತ್ತರಗಳು ನಾಲ್ಕು. ಒಂದು, ಮರಿಯನ್ನು ಹತ್ತು ದಿನ ನೋಡಿ ಆಮೇಲೆ ನಿರ್ಧರಿಸುವುದು. ಎರಡು, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಇವತ್ತೇ ಲಸಿಕೆ ಶುರು ಮಾಡುವುದು. ಮೂರು, ಧನುರ್ವಾಯುವಿನ ಇಂಜೆಕ್ಷನ್ ಸಾಕು. ನಾಲ್ಕು, ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ.

ಸರಿ ಉತ್ತರ ಎರಡನೆಯದು. ರೇಬಿಸ್ ಚಿಕಿತ್ಸೆಗೆಂದು ಪ್ರಾಣಿ ಸಂಪರ್ಕವನ್ನು ಮೂರು ವರ್ಗ ಮಾಡಿರುತ್ತಾರೆ, ರಕ್ತ ಬಾರದ ಪರಚುಗಾಯ ಎರಡನೇ ವರ್ಗಕ್ಕೆ ಸೇರುತ್ತದೆ: ತೊಳೆಯುವುದು ಮತ್ತು ಲಸಿಕೆ. ರಕ್ತ ಬಂದಿದ್ದರೆ, ಹಲ್ಲು ಚರ್ಮದೊಳಗೆ ಇಳಿದಿದ್ದರೆ, ಇದ್ದ ಗಾಯವನ್ನೋ ಬಾಯಿ-ಕಣ್ಣಿನ ಒಳಪೊರೆಯನ್ನೋ ನೆಕ್ಕಿದ್ದರೆ ಮೂರನೇ ವರ್ಗ. ಆಗ ಇಮ್ಯುನೋಗ್ಲೋಬ್ಯುಲಿನ್ ಬೇಕೇ ಬೇಕು, ಅದೂ ಗಾಯದ ಸುತ್ತ ಮತ್ತು ಒಳಗೆ. ಮನುಷ್ಯ ಮೂಲದ್ದಾದರೆ ದೇಹತೂಕದ ಕಿಲೋಗೆ 20 ಯೂನಿಟ್, ಕುದುರೆ ಮೂಲದ್ದಾದರೆ 40. ಚರ್ಮದ ಪದರದಲ್ಲಿ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28.

ತಪ್ಪು ಉತ್ತರಗಳನ್ನು ಓದುವುದೇ ನಿಜವಾದ ಕೆಲಸ. ಬಲಭಾಗದಲ್ಲೂ ಬಹಳ ಜನ ಮೊದಲ ಉತ್ತರಕ್ಕೆ ಗುರುತು ಹಾಕಿದ್ದರೆ, ಭಾಷಣದಲ್ಲಿ ‘ಹತ್ತು ದಿನ ನಾಯಿಯನ್ನು ಗಮನಿಸಿ’ ಎಂಬ ಮಾತು ಅಡ್ಡದಾರಿ ಹಿಡಿದಿದೆ. ಗಮನಿಸುವುದು ಲಸಿಕೆ ಶುರುವಾದ ಮೇಲೆ, ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು. ಶುರು ಮಾಡಲು ಕಾಯುವುದಕ್ಕಲ್ಲ. ನಾಲ್ಕನೆಯದಕ್ಕೆ ಗುರುತು ಹೆಚ್ಚಿದ್ದರೆ ಜನ ಹೆದರಿದ್ದಾರೆ, ವರ್ಗಗಳ ಗೆರೆ ತಿಳಿದಿಲ್ಲ. ಸುಲಭಕ್ಕೆ ಸಿಗದ ಔಷಧಿ ಬೇಡದ ಕಡೆ ಖರ್ಚಾಗುತ್ತದೆ. ಎಡಭಾಗದಲ್ಲೇ ಎಲ್ಲರೂ ಸರಿ ಬರೆದಿದ್ದರೆ? ಆ ಗೋಷ್ಠಿಗೆ ಕೊಟ್ಟ ಒಂದು ಗಂಟೆ ದಂಡ. ಮುಂದಿನ ಸಲ ಅದೇ ಗಂಟೆಯನ್ನು ಇನ್ನೊಂದಕ್ಕೆ ಕೊಡಿ: ಕಚ್ಚಿದ ಜಾಗಕ್ಕೆ ಖಾರಪುಡಿ, ಸುಣ್ಣ ಮೆತ್ತಿಕೊಂಡು ಬರುವವರಿಗೆ ಮೊದಲು ಅದನ್ನು ತೊಳೆಯಿಸುವುದು ಹೇಗೆ, ಮೂರನೇ ಡೋಸಿಗೆ ಬಾರದವರನ್ನು ಹುಡುಕುವುದು ಹೇಗೆ.

ಚೀಟಿಯಲ್ಲಿ ಕೇಳಬಹುದಾದ ಎಲ್ಲ ಪ್ರಶ್ನೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಉಳಿಸಿಕೊಳ್ಳಬೇಕಾದದ್ದು ಇದು: ‘ಇವತ್ತು ಕೇಳಿದ್ದರಲ್ಲಿ ನಿಮ್ಮ ಊರಿಗೆ ಹೊಂದದ ಮಾತು ಯಾವುದು?’ ಹೊಗಳಿಕೆಗೆ ಇದರಲ್ಲಿ ಜಾಗವಿಲ್ಲ, ಬೈಗುಳಕ್ಕೂ ಇಲ್ಲ. ನಮ್ಮ ಸಮ್ಮೇಳನಗಳ ದೊಡ್ಡ ಲೋಪ ಇದರಲ್ಲೇ ಹೊರಬೀಳುತ್ತದೆ, ಏಕೆಂದರೆ ಭಾಷಣಕಾರರು ಬಹುಪಾಲು ಬೆಂಗಳೂರು, ಪುಣೆ ಕಡೆಯವರು. ಅವರ ಸ್ಲೈಡುಗಳೂ ಅಲ್ಲಿಯ ಹವೆಯವೇ.

ಉದಾಹರಣೆಗೆ ಬಿಸಿಲು. ‘ಬೆಳಿಗ್ಗೆ ಹತ್ತರೊಳಗೆ ನಾಯಿಯನ್ನು ತಿರುಗಾಡಿಸಿ ತನ್ನಿ’ ಎನ್ನುವ ಸಲಹೆ ಬೆಂಗಳೂರಿಗೆ ಸರಿ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ, ಬಾಗಲಕೋಟೆಯಲ್ಲಿ ತಾಪ ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಹತ್ತಕ್ಕೆ ಡಾಂಬರು ಕಾದು ಕೂತಿರುತ್ತದೆ. ಅಲ್ಲಿಗೆ ಹೊಂದುವ ಮಾತು: ಏಳಕ್ಕೆ ಮುಗಿಸಿ, ಸಂಜೆ ರಸ್ತೆಯ ಮೇಲೆ ಅಂಗೈ ಹಿಂಭಾಗವನ್ನು ಏಳು ಸೆಕೆಂಡು ಇಟ್ಟು ನೋಡಿ, ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯಲಾಗದು. ಮಾಳಿಗೆ ಮೇಲಿನ ತಗಡಿನ ಶೆಡ್ಡು ನೆರಳಲ್ಲ, ಅದು ಒಲೆ. ಪಗ್, ಶಿಟ್ಸು, ಬುಲ್‌ಡಾಗ್‌ನಂಥ ಮೋಟು ಮೂಗಿನವಕ್ಕೆ ಏದುಸಿರಿನಿಂದ ಮೈ ತಂಪು ಮಾಡಿಕೊಳ್ಳುವ ಶಕ್ತಿಯೇ ಕಡಿಮೆ. ಬಿಸಿಲು ಹೊಡೆದು ಬಂದ ನಾಯಿಗೆ ಮೈಮೇಲೆ ತಣ್ಣೀರು ಸುರಿದು ಫ್ಯಾನ್ ಹಚ್ಚಬೇಕು. ಹಸಿ ಗೋಣಿಚೀಲ ಹೊದಿಸಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದೇ ಕಂಬಳಿಯಾಗಿ ಶಾಖವನ್ನು ಒಳಗೇ ಹಿಡಿಯುತ್ತದೆ. ತಾಪ 39.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಕೂಡಲೇ ನೀರು ನಿಲ್ಲಿಸಬೇಕು. ಮುಂದುವರಿಸಿದರೆ ದೇಹ ತಾನಾಗಿ ಇನ್ನೂ ಕೆಳಗಿಳಿದು ಚಳಿಗೆ ಬೀಳುತ್ತದೆ.

ಬೆಳಗಾವಿಯವರ ಚೀಟಿಯಲ್ಲಿ ಬರುವ ದೂರು ಬೇರೆ. ಇಲ್ಲಿ ಜೂನ್‌ನಿಂದ ಹಿಡಿಯುವ ಮಳೆ, ಆರದ ಅಂಗಳ, ಬೆರಳ ಸಂದಿಯ ತುರಿಕೆ, ಇಲಿ ಉಚ್ಚೆ ಬೆರೆತ ನಿಂತ ನೀರಿನಿಂದ ಬರುವ ಲೆಪ್ಟೋಸ್ಪೈರೋಸಿಸ್ ಎಂಬ ಇಲಿಜ್ವರ. ಒಂದೇ ಭಾಷಣ ಎರಡೂ ಊರಿಗೆ ನಡೆಯುವುದಿಲ್ಲ ಎಂದು ಸಂಘಟಕರಿಗೆ ಹೇಳಬೇಕಾದವರು ಕೇಳುಗರೇ. ಅವರಿಗೆ ಹೇಳಲು ಒಂದು ಗೆರೆ ಜಾಗ ಬಿಡಬೇಕು.

ಮುಧೋಳ ನಾಯಿಯ ವಿಚಾರವೂ ಹೀಗೇ. ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ, 2005ರಲ್ಲಿ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಇಷ್ಟು ಹೇಳಿದರೆ ಚಪ್ಪಾಳೆ ಖಾತ್ರಿ. ನಗರದ ಸಮ್ಮೇಳನದಲ್ಲಿ ಕೇಳುಗರಿಗೆ ಬೇಕಾದದ್ದು ಇದಲ್ಲ. ಎರಡು ಬೆಡ್‌ರೂಮಿನ ಮನೆಯಲ್ಲಿ ಈ ಓಟದ ನಾಯಿ ಸಾಕಬಹುದೇ? ಸಾಕುವುದಾದರೆ ದಿನಕ್ಕೆರಡು ಸಲ ಬೇಲಿಯಿರುವ ಮೈದಾನ ಬೇಕು. ಬೀದಿಯಲ್ಲಿ ಹಗ್ಗ ಬಿಚ್ಚಿದರೆ ಬೆಕ್ಕೊಂದು ಕಣ್ಣಿಗೆ ಬಿದ್ದ ಕ್ಷಣ ಮಾಲೀಕನ ಕೂಗು ಕಿವಿಗೆ ಬೀಳುವುದಿಲ್ಲ. ಕಣ್ಣಿನಿಂದ ಬೇಟೆಯಾಡುವ ತಳಿ ಅದು. ಮೈಯಲ್ಲಿ ಕೊಬ್ಬು ಕಡಿಮೆ, ಆದ್ದರಿಂದ ಶಸ್ತ್ರಚಿಕಿತ್ಸೆಗೆ ಥಯೋಪೆಂಟೋನ್ ಕೊಟ್ಟರೆ ಎಚ್ಚರವಾಗುವುದು ತಡ, ವೈದ್ಯರು ಬೇರೆ ಅರಿವಳಿಕೆ ಆರಿಸಬೇಕು. ‘ಇತಿಹಾಸ ಕಡಿಮೆ ಮಾಡ್ರಿ, ಫ್ಲ್ಯಾಟಿನ ವಿಚಾರ ಹೇಳ್ರಿ’ ಎಂದು ಒಬ್ಬರಾದರೂ ಬರೆಯುವಂತಿರಬೇಕು ಚೀಟಿ.

ವೇದಿಕೆಗೆ ನಾಯಿ ತರುವ ಪ್ರಾತ್ಯಕ್ಷಿಕೆಗಳಿಗೆ ಯಾವಾಗಲೂ ಹೆಚ್ಚು ಅಂಕ. ಅದನ್ನು ನಂಬಬೇಡಿ. ನುಣ್ಣನೆಯ ಗ್ರಾನೈಟ್ ನೆಲ, ನಾಯಿಯ ಹಿಂಗಾಲು ಜಾರಿ ಅಗಲವಾಗಿವೆ, ಬಾಲ ಹೊಟ್ಟೆಯ ಕೆಳಗೆ, ಏನೂ ತಿನ್ನದಿದ್ದರೂ ಮತ್ತೆ ಮತ್ತೆ ತುಟಿ ನೆಕ್ಕುತ್ತಿದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತಿದೆ, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತಿದೆ. ಕೆಳಗೆ ನೂರು ಮೊಬೈಲು ಫೋಟೋ ತೆಗೆಯುತ್ತಿವೆ. ಇವೆಲ್ಲ ಹೆದರಿಕೆಯ ಲಕ್ಷಣ ಎಂದು ಮುಂದಿನ ಗೋಷ್ಠಿಯಲ್ಲಿ ಸ್ಲೈಡ್ ಬರುತ್ತದೆ! ಇಲ್ಲಿ ಅಭಿಪ್ರಾಯ ಕೊಡಬೇಕಾದದ್ದು ನಾಯಿ. ಅದರ ಪರವಾಗಿ ಮೊದಲ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಈ ಐದು ಲಕ್ಷಣಗಳನ್ನು ಐದು ನಿಮಿಷಕ್ಕೊಮ್ಮೆ ಎಣಿಸಿ ಬರೆಯಲಿ. ನೆಲಕ್ಕೆ ರಬ್ಬರ್ ಚಾಪೆ, ವೇದಿಕೆಯ ಮೇಲೆ ಹೆಚ್ಚೆಂದರೆ ಹದಿನೈದು ನಿಮಿಷ, ಫ್ಲ್ಯಾಶ್ ಇಲ್ಲ. ಎರಡು ಸಲ ಎಣಿಸಿದಾಗ ಲಕ್ಷಣ ಏರಿದರೆ ಕಾರ್ಯಕ್ರಮ ನಿಲ್ಲಿಸಿ ನಾಯಿಯನ್ನು ಹೊರಗೆ ಕರೆದೊಯ್ಯಿರಿ.

ಕಾನೂನಿನ ಗೋಷ್ಠಿಯ ಚೀಟಿಗಳು ಓದಲು ಅತಿ ಕಷ್ಟ. ಭಾಷಣಕಾರರು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ವಿವರಿಸುತ್ತಾರೆ: ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ರೇಬಿಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಹೀಗೆ ಮರಳಿ ಬಿಡಲು ಹೇಳಿತು, ಅನ್ನ ಹಾಕಲು ಗೊತ್ತುಪಡಿಸಿದ ಜಾಗ ಇರಬೇಕೆಂದಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದವನ್ನು ಅಲ್ಲಿಗೇ ಮರಳಿ ಬಿಡಬಾರದೆಂದಿತು. ಇದನ್ನು ಕೇಳಿದ ಅಪಾರ್ಟ್‌ಮೆಂಟಿನವರು ಒಂದು ಅಂಕ ಕೊಡುತ್ತಾರೆ, ಅನ್ನ ಹಾಕುವವರೂ ಒಂದು ಅಂಕ ಕೊಡುತ್ತಾರೆ. ಇಬ್ಬರ ಸಿಟ್ಟೂ ಕಾನೂನಿನ ಮೇಲೆ. ಏಟು ಬಿದ್ದದ್ದು ಭಾಷಣಕಾರರ ಮೇಲೆ. ಈ ಗೋಷ್ಠಿಗೆ ಮಾತ್ರ ಪ್ರಶ್ನೆಯನ್ನು ಎರಡಾಗಿ ಸೀಳಬೇಕು: ‘ನಿಯಮ ಏನು ಹೇಳುತ್ತದೆ ಎಂಬುದು ಸ್ಪಷ್ಟವಾಯಿತೇ?’ ಮತ್ತು ‘ಆ ನಿಯಮ ನಿಮಗೆ ಒಪ್ಪಿಗೆಯೇ?’ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಅಲ್ಲ ಎಂದು ಬಂದರೆ ಗೋಷ್ಠಿ ಗೆದ್ದಿದೆ.

ಬಿಡಿ ಬರಹದ ಕಾಲಂ ಬಗ್ಗೆ ಎರಡು ಮಾತು. ಅದನ್ನು ಇಬ್ಬರು ಬೇರೆ ಬೇರೆ ಕೂತು ಓದಬೇಕು, ಒಬ್ಬರು ಸಂಘಟನೆಯ ಹೊರಗಿನವರಾದರೆ ಒಳ್ಳೆಯದು. ಪ್ರತಿ ಮಾತನ್ನೂ ಹಾಲ್-ಊಟ, ವಿಷಯ, ಸ್ವಂತ ಅಹವಾಲು, ಪ್ರಶ್ನೆ ಎಂಬ ನಾಲ್ಕರಲ್ಲೊಂದು ಕಟ್ಟಿಗೆ ಹಾಕಿ, ಆಮೇಲೆ ಇಬ್ಬರ ಕಟ್ಟುಗಳನ್ನು ತಾಳೆ ನೋಡಿ. ತಾಳೆಯಾಗದವನ್ನೇ ಮತ್ತೆ ಓದಿ. ಪ್ರಶ್ನೆಯ ಕಟ್ಟು ಎಲ್ಲಕ್ಕಿಂತ ಬೆಲೆಯುಳ್ಳದ್ದು. ‘ಸ್ನಾನ ಮಾಡಿಸಿ ಔಷಧಿ ಹಚ್ಚಿದರೂ ಹತ್ತು ದಿನಕ್ಕೆ ಮತ್ತೆ ಉಣ್ಣಿ ಆಗ್ತಾವ, ಯಾಕ?’ ಎಂದು ಯಾರೋ ಬರೆದಿದ್ದಾರೆ ಎನ್ನಿ. ಅಂದರೆ ಉಣ್ಣಿಯ ಭಾಷಣ ಔಷಧಿಯ ಹೆಸರುಗಳನ್ನು ಹೇಳಿ ಗೋಡೆಯ ಬಿರುಕನ್ನು ಬಿಟ್ಟಿದೆ. ನಾಯಿಯ ಕಂದು ಉಣ್ಣಿ ಬದುಕಿನ ಬಹುಪಾಲನ್ನು ನಾಯಿಯ ಮೈಮೇಲೆ ಕಳೆಯುವುದೇ ಇಲ್ಲ. ರಕ್ತ ಕುಡಿದು ಕೆಳಗುದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಯೂ ಮಧ್ಯದ ಹಂತದ್ದೂ ಪ್ರತಿ ಸಲ ಇಳಿದು ಪೊರೆ ಬಿಟ್ಟು ಮತ್ತೆ ಹತ್ತುತ್ತವೆ. ಗೋಡೆಯ ಸಂದು ಸಿಮೆಂಟಿನಿಂದ ಮುಚ್ಚದೆ, ಮಲಗುವ ಚಾದರ ಬಿಸಿನೀರಲ್ಲಿ ಕುದಿಸದೆ ನಾಯಿಗೆ ಮಾತ್ರ ಔಷಧಿ ಹಚ್ಚಿದರೆ ಕೆಲಸ ಅರ್ಧವೂ ಆಗುವುದಿಲ್ಲ. ಇದೇ ಕಟ್ಟಿನಲ್ಲಿ ‘ನಾಯಿಯ ಬೆನ್ನಿಗೆ ಬಿಡುವ ಹನಿ ಬೆಕ್ಕಿಗೂ ಬಿಡಬಹುದೇ?’ ಎಂಬ ಚೀಟಿ ಕಂಡರೆ ವರದಿಯವರೆಗೆ ಕಾಯಬೇಡಿ, ಅಂದೇ ಎಲ್ಲರ ಮೊಬೈಲಿಗೆ ಉತ್ತರ ಕಳಿಸಿ: ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಹನಿ ಬೆಕ್ಕಿಗೆ ನಡುಕ ತರಿಸಿ ಕೊಲ್ಲಬಹುದು.

ಇನ್ನು ಆರು ವಾರದ ಫೋನು. ಸಮ್ಮೇಳನದ ಚೀಟಿ ಹೇಳುವುದು ಉದ್ದೇಶ, ಆರು ವಾರದ ನಂತರದ ಮಾತು ಹೇಳುವುದು ಕೆಲಸ. ಆರು ವಾರ ಏಕೆಂದರೆ ಅಷ್ಟರಲ್ಲಿ ಬೇಕಾದ ಸಾಮಾನಿಗೆ ಬೇಡಿಕೆ ಪತ್ರ ಹೋಗಿ ಬಂದಿರುತ್ತದೆ, ಸಮ್ಮೇಳನದ ವಾರ ಶುರುವಾದ 28 ದಿನದ ಲಸಿಕೆಯೊಂದು ಮುಗಿದಿರುತ್ತದೆ. ಫೋನ್ ನಂಬರನ್ನು ಚೀಟಿಯಲ್ಲಿ ಕೇಳಬೇಡಿ, ಬೇರೆ ಹಾಳಿಯಲ್ಲಿ ಒಪ್ಪಿದವರು ಮಾತ್ರ ಬರೆಯಲಿ. ಎಲ್ಲರಿಗೂ ಮಾಡಬೇಕಿಲ್ಲ, ಪ್ರತಿ ಕೆಲಸದವರಲ್ಲಿ ಐದೈದು ಜನ ಸಾಕು. ಕರೆ ಮಾಡುವವರು ಭಾಷಣ ಮಾಡಿದವರಾಗಬಾರದು. ‘ಏನು ಬದಲಾಯಿಸಿದಿರಿ?’ ಎಂದು ಕೇಳಿದರೆ ‘ಬಹಳ ಬದಲಾಯಿಸಿದ್ದೇವೆ ಸರ್’ ಎಂಬ ಉತ್ತರ ಸಿದ್ಧವಿರುತ್ತದೆ. ಕಣ್ಣಿಗೆ ಕಾಣುವ ವಸ್ತುವನ್ನು ಕೇಳಿ.

ಶೀತಸರಪಳಿಯ, ಅಂದರೆ ಲಸಿಕೆಯನ್ನು ಕೊಡುವವರೆಗೂ ತಣ್ಣಗಿಡುವ ವ್ಯವಸ್ಥೆಯ, ಗೋಷ್ಠಿಗೆ ಬಂದಿದ್ದ ಕ್ಲಿನಿಕ್ಕಿನವರಿಗೆ ಹೀಗೆ: ‘ಮೇಡಂ, ಈಗ ಫ್ರಿಜ್ ತೆಗೆದು ನೋಡ್ತೀರಾ? ಲಸಿಕೆ ಎಲ್ಲಿಟ್ಟೀರಿ, ಬಾಗಿಲದಾಗೋ ಒಳಗಿನ ಹಲಿಗಿ ಮ್ಯಾಲೋ?’ ಬಾಗಿಲು ತೆರೆದಾಗಲೆಲ್ಲ ಮೊದಲು ಬಿಸಿಯಾಗುವುದು ಬಾಗಿಲ ಖಾನೆ. ಫ್ರೀಜರಿಗೆ ತಾಗಿದಂತಿಟ್ಟರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ‘ಥರ್ಮಾಮೀಟರ್ ಐತೇನ್ರಿ ಒಳಗ? ಈಗ ಎಷ್ಟು ತೋರಸ್ತೈತಿ?’ ಎರಡರಿಂದ ಎಂಟರ ನಡುವಿನ ಅಂಕಿ ಬಂದರೆ ಬರೆದುಕೊಳ್ಳಿ. ಹನ್ನೆರಡು ಎಂದರೂ ಬರೆದುಕೊಳ್ಳಿ. ‘ಥರ್ಮಾಮೀಟರ್ ಇನ್ನೂ ತಂದಿಲ್ಲ’ ಎಂದರೆ ಅದನ್ನೂ ಬರೆದುಕೊಳ್ಳಿ, ಮುಂದಿನ ಸಮ್ಮೇಳನದ ಚೀಲದಲ್ಲಿ ಡೈರಿ ಮತ್ತು ಪೆನ್ನಿನ ಬದಲು ಒಂದೊಂದು ಫ್ರಿಜ್ ಥರ್ಮಾಮೀಟರ್ ಹಾಕಿ ಕೊಡಿ.